ಶೇಖರ, ಅನಂತ ಎಂಬ ಅಡ್ಡಹೆಸರು

ನಾನು ನಿಂತಿದ್ದದ್ದು ಬೋಳಾರದ ವಾಚನಾಲಯದ ಬಾಗಿಲ ಎಡಬದಿಯಲ್ಲಿ, ಚಪ್ಪಲಿಗಳ ರಾಶಿಯ ಪಕ್ಕ. ಐವತ್ತೆಂಟರ ದೀಪಾವಳಿ ಕಳೆದ ಮೊದಲ ಭಾನುವಾರ, ಸಂಜೆ. ಒಳಗೆ ಒಂದು ಕಾದಂಬರಿಯ ಚರ್ಚೆ. ಜಾಗವಿತ್ತು, ಆದರೆ ಸಾಹಿತ್ಯಕ್ಕಿಂತ ಹೊಸ ಚಪ್ಪಲಿಯ ಚಿಂತೆ ನನಗೆ ಹೆಚ್ಚಾಗಿತ್ತು.

ಹತ್ತು ವರ್ಷದ ಮೇಲೆ, ಮೊನ್ನೆ, ಅಂದು ಚರ್ಚೆಯಾದ ಕಾದಂಬರಿಯ ಹೊಸ ಮುದ್ರಣ ಕೈಗೆ ಬಂತು. ಅಂಟಿನ ವಾಸನೆ ಮೂಗಿಗೆ ತಾಗಿದ್ದೇ ತಡ, ಹೊಳೆಯ ಕಡೆಯಿಂದ ಬೀಸುತ್ತಿದ್ದ ಆ ದಿನದ ಗಾಳಿ, ಹೆಂಚಿನ ಕಾರ್ಖಾನೆಯ ಹೊಗೆಯಲ್ಲಿ ಕೆಂಪಾಗಿ ತೇಲುತ್ತಿದ್ದ ಬೆಳಕು, ಎಲ್ಲ ಕನಸಿನಂತೆ ಮರಳಿದವು.

ಅದು ಶೇಖರ, ಅನಂತ ಎಂಬ ಗೆಳೆಯರ ಕಥೆ. ಮದುವೆಯಾಗದೆ ಒಂದೇ ಮನೆಯಲ್ಲಿ ಮುದುಕರಾಗುತ್ತಾರೆ, ಅಷ್ಟೆ. ವಾರಪತ್ರಿಕೆಯಲ್ಲಿ ಅದು ಬರುತ್ತಿದ್ದಾಗ ನಮ್ಮ ಕೇರಿಯವರು ಆ ಹೆಸರುಗಳನ್ನು ಇಬ್ಬರಿಗೆ ಇಟ್ಟುಬಿಟ್ಟರು: ಡ್ರಾಯಿಂಗ್ ಕಲಿಸುವ ಲಾರೆನ್ಸ್ ಮಾಸ್ಟ್ರಿಗೆ, ಅವರ ಜೊತೆ ಬಾಡಿಗೆಗಿದ್ದ ಕಾರ್ಖಾನೆಯ ಗುಮಾಸ್ತ ಸಂಜೀವನಿಗೆ. ಪ್ರೀತಿಯ ಹೆಸರು ಅದು. ಅಂಗಡಿಯ ವಾಮನಣ್ಣ ದಿನಾ ಕೂಗುತ್ತಿದ್ದ:

“ಎಂತ ಶೇಖರಣ್ಣ, ಒಬ್ಬರೇ? ಅನಂತ ಮುನಿಸಿಕೊಂಡನಾ?”

“ನಾನು ಮಾಡಿದ ಸಾರು ತಿಂದು ಮಲಗಿದ್ದಾನೆ ಮಾರಾಯ. ಏಳ್ತಾನೋ ಇಲ್ಲವೋ!”

ಆ ಸಂಜೆ ಕಾದಂಬರಿಕಾರರೇ ಬಂದಿದ್ದರು. ಕಾಲೇಜು ಹುಡುಗ ವಿಠಲ ಎದ್ದು, ಶೇಖರ ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದ. ಅವರು ಕನ್ನಡಕ ತೆಗೆದು ಒರೆಸಿದರು.

“ಅವನು ಅನಂತನನ್ನು ಪ್ರೀತಿಸುತ್ತಿದ್ದ. ಗಂಡ ಹೆಂಡತಿಯನ್ನು ಪ್ರೀತಿಸುವ ಹಾಗೆ. ಪುಸ್ತಕದಲ್ಲಿ ಬರೆಯಲಿಲ್ಲ. ಬರೆದರೆ ಅಚ್ಚು ಮಾಡುವವರು ಯಾರು?”

ಮೊದಲು ವಾಮನಣ್ಣನ ತಲೆ ತಿರುಗಿತು. ಆಮೇಲೆ ಸಾಲುಸಾಲಾಗಿ ಎಲ್ಲರದೂ, ಗಾಳಿಗೆ ಬಾಗುವ ಪೈರಿನ ಹಾಗೆ, ಕಿಟಕಿಯ ಬಳಿ ಕೂತಿದ್ದ ಆ ಇಬ್ಬರ ಕಡೆಗೆ. ಸಂಜೀವ ನೆಲ ನೋಡಿದ. ಲಾರೆನ್ಸ್ ಮಾಸ್ಟ್ರು ಎದ್ದು ನಿಂತರು.

“ಪುಸ್ತಕದಲ್ಲೇ ಬರೆದಿದ್ದರೆ ನಮಗೆ ಆ ಹೆಸರು ಯಾರೂ ಇಡ್ತಿರಲಿಲ್ಲ ಸಾರ್.”

ಕಾದಂಬರಿಕಾರರಿಗೆ ಏನೂ ತಿಳಿಯಲಿಲ್ಲ. “ನೀವು ಯಾರು?” ಎಂದರು.

ಇಬ್ಬರೂ ನನ್ನ ಪಕ್ಕದಲ್ಲೇ ಬಗ್ಗಿ ಚಪ್ಪಲಿ ಹುಡುಕಿದರು.

ಯಾರೂ ಅವರನ್ನು ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಮರುದಿನದಿಂದ ವಾಮನಣ್ಣ “ಬನ್ನಿ ಮಾಸ್ಟ್ರೇ, ಎಂತ ಬೇಕು?” ಎಂದು ಮರ್ಯಾದೆಯಿಂದ ಕೇಳತೊಡಗಿದ. ತಮಾಷೆ ನಿಂತಿತು. ಅವರ ಮನೆಯೊಡತಿ, ಆ ಕೋಣೆ ಮಗಳಿಗೆ ಬೇಕು ಎಂದಳು. ಮಳೆಗಾಲಕ್ಕೆ ಮೊದಲೇ ಸಂಜೀವ ಬೊಂಬಾಯಿಗೆ ಹೋದ. ಮಾಸ್ಟ್ರು ಅತ್ತಾವರದಲ್ಲಿ ತಂಗಿಯ ಮನೆ ಸೇರಿದರು.

ಹೊಸ ಮುದ್ರಣದ ಮುನ್ನುಡಿ ಅಂದಿನ ಮಾತನ್ನು ಲೇಖಕರ ಧೈರ್ಯವೆಂದು ಹೊಗಳುತ್ತದೆ. ಧೈರ್ಯವೇ ಇರಬಹುದು. ಓದಿ ನನಗೆ ನಿದ್ದೆ ಬರಲಿಲ್ಲ. ನಿನ್ನೆ ಅತ್ತಾವರಕ್ಕೆ ಹೋಗಿ, ಇದನ್ನು ಬರೆಯಲೇ, ಹೆಸರು ಬದಲಿಸುತ್ತೇನೆ ಎಂದು ಕೇಳಿದೆ. ಮಾಸ್ಟ್ರು ನನಗೆ ಕುರ್ಚಿ ಎಳೆದುಕೊಟ್ಟರು.

“ಬರೆಯಿರಿ. ಕಂಡದ್ದಷ್ಟೇ ಬರೆಯಿರಿ. ನಮ್ಮ ಮನಸ್ಸಿನಲ್ಲಿ ಎಂತ ಇತ್ತು ಅಂತ ನೀವೂ ಹೇಳ್ಬೇಡಿ.”

ಹೇಳಿಲ್ಲ. ಕಾದಂಬರಿಕಾರರು ಈಗಿಲ್ಲ, ವಾಮನಣ್ಣನೂ ಇಲ್ಲ. ಈ ಕಥೆಯವರಲ್ಲಿ ಈಗ ಉಳಿದವರು ವಕೀಲನಾಗಿರುವ ವಿಠಲ, ಆ ಮನೆಯೊಡತಿ, ನಾನು, ಲಾರೆನ್ಸ್ ಮಾಸ್ಟ್ರು. ಮತ್ತು ಬೊಂಬಾಯಿಯಲ್ಲಿ, ಮಾಸ್ಟ್ರು ಹೇಳುವ ಪ್ರಕಾರ ಇನ್ನೂ ಒಬ್ಬನೇ ಇರುವ ಸಂಜೀವ.