ಉಂಡು ಬರುವಷ್ಟರಲ್ಲಿ ಚಾಲೂ ಆದ ಕಂಪ್ಯೂಟರ್

ತೀರಿಹೋದವರು ಮನೆಯಲ್ಲಿ ಸುಳಿದಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಮೆಲ್ಲಗೆ ಮಾತು ಬದಲಿಸುತ್ತಿದ್ದೆ. ಅಂಥದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇದೆ ಎನ್ನಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ, ನೀವು ನಕ್ಕರೂ ಬೇಸರವಿಲ್ಲ.

ನಮ್ಮ ಯಜಮಾನರು ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಕಾರಕೂನರಾಗಿದ್ದರು. ಕೆಲಸ ಬಿಟ್ಟ ಮೇಲೆ ಮಿರಜಿನ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಸಲಗರೆಯಲ್ಲಿ ಕಳೆದ ಬಾಲ್ಯದ ಕತೆಗಳನ್ನು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟರು. ಅದು ಮೊಮ್ಮಗಳು ಶ್ರೇಯಾಳಿಗಾಗಿ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅವರು ಹೋದ ಮೇಲೆ ಅವರ ದನಿ ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ.

ಶ್ರೇಯಾಳ ಓದಿಗೆ ಆ ಯಂತ್ರ ಸಾಲದೆಂದು ಮಗ ಅಜಿತ ಹೊಸ ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಪವರ್ ಸಪ್ಲೈ ತಂದ. ಮೊದಲು ಅಪ್ಪನ ಕತೆಗಳನ್ನು ಬೇರೆ ಕಡೆ ತೆಗೆದಿಡು ಎಂದೆ. ಕತೆಗಳಿರುವ ಡಿಸ್ಕ್ ಮುಟ್ಟುವುದೇ ಇಲ್ಲ, ಏನೂ ಆಗುವುದಿಲ್ಲ ಎಂದ. ನಾವು ಜೈನರು, ಹೊತ್ತು ಮುಳುಗುವ ಮೊದಲು ಉಣ್ಣುವವರು. ಊಟಕ್ಕೆ ಏಳು ಎಂದು ನಾನು ಕರೆಯುತ್ತಲೇ ಇದ್ದೆ. ಅವನು ಅವಸರವಸರವಾಗಿ ಎಲ್ಲ ಜೋಡಿಸಿ, ತಿರುಪು ಬಿಗಿದು ಎದ್ದ.

ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಆ ಭಾನುವಾರ ನೆನೆದರೆ ಈಗಲೂ ತಲೆ ಕಾಯುತ್ತದೆ. ರ‍್ಯಾಮ್ ಕಿತ್ತು, ರಬ್ಬರಿನಿಂದ ತಿಕ್ಕಿ ಅಜಿತ ಮತ್ತೆ ಒತ್ತಿದ. ಮೊಬೈಲಿನಲ್ಲಿ ಒಬ್ಬ ಹೇಳಿದನೆಂದು ಒಳಗಿನ ಸಣ್ಣ ಬ್ಯಾಟರಿ ತೆಗೆದು ಹಾಕಿದ. ಇನ್ನೊಬ್ಬ ಹೇಳಿದನೆಂದು ಮಾನಿಟರಿನ ವಾಯರ್ ಬದಲಿಸಿದ. ಹಳೆಯ ಕಾರ್ಡನ್ನೇ ಹಾಕಿ ನೋಡು ಎಂದರೆ, ಅದನ್ನು ಹಿಂದಿನ ರಾತ್ರಿಯೇ ಅಂಗಡಿಯಲ್ಲಿ ಬದಲಿ ಕೊಟ್ಟು ಬಂದಿದ್ದಾನೆ. ಡಿಸ್ಕ್ ಕಳಚಿ ಬೇರೆ ಕಡೆ ಹಾಕೋಣವೆಂದರೆ, ಅದು ಟಕ್ ಟಕ್ ಎನ್ನತೊಡಗಿತ್ತು. ಮುಟ್ಟಲು ಅವನಿಗೇ ಹೆದರಿಕೆ. ನೆಟ್ಟಗೆ ನಡೆಯುವುದನ್ನು ಬಿಚ್ಚಿ ಕೂರುವ ಈ ಹುಚ್ಚು ಯಾಕೋ.

"ಸೊಲ್ಪ ತಡಿ ಆಯಿ," ಎಂದ ಮಗ ಮತ್ತೆ.

"ಮುಂಜಾನಿಂದ ಸೊಲ್ಪ ಸೊಲ್ಪ ಅನಕೋತ ಸಂಜಿ ಮಾಡಿದಿ. ನಿಮ್ಮಪ್ಪಂದು ದನಿ ಒಂದ ಉಳದಿತ್ತು, ಅದನ್ನೂ ಕಳದಿ."

ಅವನು ತಿರುಪುಗಳನ್ನು ಒಂದೊಂದಾಗಿ ಹಾಕತೊಡಗಿದ. ಹೊರಗೆ ಬಿಸಿಲು ಕೆಂಪಾಗಿತ್ತು. ಹಿಂದೆ ಯಂತ್ರ ಮೊಂಡು ಹಿಡಿದಾಗಲೆಲ್ಲ ಯಜಮಾನರು ಒಂದೇ ಮಾತು ಆಡುತ್ತಿದ್ದರು, ನಾವು ಅವರನ್ನು ಚೇಷ್ಟೆ ಮಾಡುತ್ತಿದ್ದೆವು. ಆ ಸಂಜೆ ಅದೇ ಮಾತು ಸಿಟ್ಟಿನಲ್ಲಿ ನನ್ನ ಬಾಯಿಗೆ ಬಂತು: "ಬಿಡು ಅದನ್ನ. ಉಂಡು ಬಂದ್ರ ತಾನ ಚಾಲೂ ಆಗ್ತೈತಿ."

ಅಜಿತ ಗುಂಡಿ ಒತ್ತಿದ, ಪರದೆ ಕಪ್ಪಗೇ ಇತ್ತು. ಹಾಗೇ ಬಿಟ್ಟು ಎದ್ದು ಬಂದ. ಇಬ್ಬರೂ ಒಟ್ಟಿಗೆ ಕೂತು ಉಂಡೆವು. ಶ್ರೇಯಾ ಊರಲ್ಲಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೈ ತೊಳೆದು ಬಂದರೆ ಪರದೆ ಬೆಳಗಿತ್ತು. ಮ್ಹೈಸಾಳದ ಹೊಳೆದಂಡೆಯಲ್ಲಿ ಯಜಮಾನರು ಶ್ರೇಯಾಳನ್ನು ಎತ್ತಿಕೊಂಡು ನಿಂತ ಫೋಟೋ ಕಾಣುತ್ತಿತ್ತು. ಅಜಿತ ಕೂತವನೇ ಕತೆಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡ. ಆಮೇಲೆ ಬಂದ್ ಮಾಡಿ ಮತ್ತೆ ಹಚ್ಚಿದರೆ, ಅದೇ ಕಪ್ಪು ಪರದೆ.

ಸೋಮವಾರ ರಿಪೇರಿಯವನು ಬಂದು ಬಿಚ್ಚಿದ. ಡಿಸ್ಕಿನ ಹಿಂದಿನ ಸಂದಿಯಿಂದ ಒಂದು ವಾಯರ್ ಎಳೆದು ತೋರಿಸಿದ. ಹೊಸ ಕಾರ್ಡಿಗೆ ಕರೆಂಟ್ ಕೊಡುವ ವಾಯರ್. ಪೊಟ್ಟಣದಲ್ಲಿ ಬಂದಾಗಿನ ಪ್ಲಾಸ್ಟಿಕ್ ಪಟ್ಟಿ ಅದಕ್ಕೆ ಸುತ್ತಿದಂತೆಯೇ ಇತ್ತು.

"ಮಾವಶಿ, ಇದನ್ನ ಬಿಚ್ಚೇ ಇಲ್ರಿ. ಇದು ಇಲ್ದ ಪರದೆ ಮ್ಯಾಲ ಏನೂ ಮೂಡಂಗಿಲ್ಲ."

ನಿನ್ನೆ ಮೂಡಿತ್ತು ಎಂದೆ. ಅವನು ಅಜಿತನ ಮುಖ ನೋಡಿದ. ಅಜಿತ ನನ್ನ ಮುಖ ನೋಡಿದ.

ವಾಯರ್ ಹಚ್ಚಿದ ಮೇಲೆ ಯಂತ್ರ ದಿನವೂ ಚಾಲೂ ಆಗುತ್ತದೆ. ಡಿಸ್ಕ್ ಆ ವಾರವೇ ಸತ್ತಿತು, ಹೊಸದು ಹಾಕಿಸಿದೆವು. ಅಜಿತ ಏನೇನೋ ಕಾರಣ ಹೇಳುತ್ತಾನೆ, ಹೇಳಿ ತಾನೇ ಒಪ್ಪುವುದಿಲ್ಲ. ಶ್ರೇಯಾ ಆಗಾಗ ಅಜ್ಜನ ಕತೆ ಹಚ್ಚುತ್ತಾಳೆ. ಒಂದರಲ್ಲಿ ಅವರು, ಬಾವಿಗೆ ಬಿದ್ದ ಎಮ್ಮೆಕರುವಿನ ಕತೆಯನ್ನು ನಡುವೆಯೇ ನಿಲ್ಲಿಸಿ, ಊಟಕ್ಕೆ ಕರೀಲಿಕ್ಕತ್ತಾರ ಎಂದು ಎದ್ದು ಹೋಗುತ್ತಾರೆ. ಕರೆದವಳು ನಾನೇ. ಹಿಂದೆ ಸಣ್ಣಗೆ ನನ್ನ ದನಿ ಕೇಳಿಸುತ್ತದೆ.

"ಪುಢೇ ಕಾಯ್ ಝಾಲಂ, ಆಜಿ?" ಮುಂದೇನಾಯಿತು ಎಂದು ಶ್ರೇಯಾ ಕೇಳುತ್ತಾಳೆ.

ಅದೂ ನನಗೆ ಗೊತ್ತಿಲ್ಲ.