ಹೆಸರು ಕೇಳದೆ ಸೂಜಿ ಇಲ್ಲ

ಸುಲೋಚನಾಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ, ಮುಖದ ಮೇಲೆಯೇ ಹೇಳಿದ್ದೇನೆ. ಅವಳು ಇಲ್ಲ ಎಂದದ್ದೂ ಇಲ್ಲ. ಠಾಣೆ ಸ್ಟೇಷನ್ನಿನಿಂದ ಸ್ವಲ್ಪ ದೂರ, ಮಿಠಾಯಿ ಅಂಗಡಿಯೊಂದರ ಮಹಡಿಯಲ್ಲಿ, ರಕ್ತ ತೆಗೆಯುವುದನ್ನು ಕಲಿಸುವ ಕೋರ್ಸಿಗೆ ನಾವಿಬ್ಬರೂ ಒಟ್ಟಿಗೆ ಸೇರಿದೆವು. ಮೊದಲ ದಿನ ಗ್ಲೌಸ್ ಹಂಚುವಾಗ ನನಗೆ ಸರಿಯಾದ ಅಳತೆಯದು ಸಿಕ್ಕಿತು, ಅವಳಿಗೆ ದೊಡ್ಡದು ಸಿಕ್ಕಿತು. ಅಷ್ಟಕ್ಕೇ ಸಂಜೆಯ ತನಕ ನನ್ನ ಕಡೆ ತಿರುಗಿ ನೋಡಲಿಲ್ಲ.

ನಾನು ಜಯಲತಾ, ಡೊಂಬಿವಲಿಯವಳು. ನಮ್ಮ ಮೂಲ ಉಡುಪಿ ಕಡೆ. ಯಜಮಾನರು ರಘುಪತಿ, ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಾರೆ. ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂತು ಸಾಕಾಗಿ ನಾನು ಕೋರ್ಸಿಗೆ ಸೇರಿದೆ. ಸುಲೋಚನಾದು ಹಾಗಲ್ಲ. ಅಫಜಲಪುರ ಕಡೆಯ ಹಳ್ಳಿಯಿಂದ ಮದುವೆಯಾಗಿ ಅಂಬರನಾಥಕ್ಕೆ ಬಂದವಳು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಬಣ್ಣದ ಪುಡಿಯನ್ನು ಚೀಲಕ್ಕೆ ತುಂಬುವ ಕೆಲಸ ಮಾಡುತ್ತಿದ್ದಳು. ಎಷ್ಟು ಸೋಪು ಹಚ್ಚಿದರೂ ಅವಳ ಉಗುರಿನ ಸಂದಿಯ ಹಳದಿ ಹೋಗುತ್ತಿರಲಿಲ್ಲ, ಮಾತಿನ ನಡುವೆ ಕೆಮ್ಮು ಬರುತ್ತಿತ್ತು. ಕೋರ್ಸು ಪಾಸಾದರೆ ಘಣಸೋಲಿಯ ಒಂದು ಲ್ಯಾಬಿನಲ್ಲಿ ಕೆಲಸ ಗ್ಯಾರಂಟಿ ಎಂದಿದ್ದರು. ಫೇಲಾದರೆ ಮತ್ತೆ ಅದೇ ಪುಡಿ, ಅದೇ ಚೀಲ. ಇದು ನಮ್ಮೆಲ್ಲರಿಗೂ ಗೊತ್ತಿತ್ತು, ಏಕೆಂದರೆ ಅವಳು ದಿನವೂ ಹೇಳುತ್ತಿದ್ದಳು.

ಕಲಿಸುವವರು ಲೀಲಾಧರ ಸರ್. ಅವರೂ ನಮ್ಮ ಕಡೆಯವರೇ. ಆಸ್ಪತ್ರೆಗಳಲ್ಲಿ ರಕ್ತ ತೆಗೆದು ತೆಗೆದು ತಲೆಕೂದಲು ನರೆತ ಮನುಷ್ಯ. ನಾವು ನರ ಹುಡುಕಲು ಕಾತರರಾಗಿದ್ದರೆ ಅವರು ಮೊದಲ ವಾರವಿಡೀ ಕಲಿಸಿದ್ದು ಹೆಸರು ಕೇಳುವುದನ್ನು.

"ನೀವಾಗಿ ‘ಸುಲೋಚನಾ ಅಲ್ವಾ?’ ಅಂತ ಕೇಳಬಾರದು. ಹೆದರಿ ಕೂತವರು ಎಂತ ಕೇಳಿದರೂ ಹೂಂ ಅಂತಾರೆ. ಒಬ್ಬರ ರಕ್ತ ಇನ್ನೊಬ್ಬರ ಟ್ಯೂಬಿಗೆ ಹೋದರೆ ಜೀವ ಹೋಗ್ತದೆ. ಅವರ ಬಾಯಿಂದಲೇ ಪೂರ್ತಿ ಹೆಸರು ಹೇಳಿಸಿ. ನೀವು ಅದನ್ನೇ ತಿರುಗಿ ಗಟ್ಟಿಯಾಗಿ ಹೇಳಿ, ಚೀಟಿಗೆ ತಾಳೆ ನೋಡಿ. ಹೆಸರು ಕೇಳದೆ ಸೂಜಿ ಇಲ್ಲ."

ಇದನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆವು. ಆಮೇಲೆ ರಬ್ಬರಿನ ಕೈಗೆ ಚುಚ್ಚಿದೆವು. ಆಮೇಲೆ ಒಬ್ಬರಿಗೊಬ್ಬರು ಚುಚ್ಚಿಕೊಂಡೆವು. ಆದರೆ ಕ್ಲಾಸಿನಲ್ಲಿದ್ದವರಲ್ಲಿ ಹೆಚ್ಚಿನವರು ಕಡ್ಡಿಯಂಥ ಹುಡುಗಿಯರು, ಇಲ್ಲವೇ ನನ್ನಂತೆ ತುಂಬಿಕೊಂಡ ಹೆಂಗಸರು. ಯಾರ ನರವೂ ಬೆರಳಿಗೆ ಸಿಗದು. ಸರ್ ಕೊನೆಗೆ, ಮನೆಯಿಂದ ಒಬ್ಬೊಬ್ಬರನ್ನು ಒಪ್ಪಿಸಿ ಕರೆತನ್ನಿ ಎಂದರು.

ನಾನು ನಮ್ಮವರನ್ನು ಕೇಳಿದೆ. ಕೌಂಟರಿನಿಂದ ತಲೆಯೆತ್ತದೆ, "ನಾನು ಬಂದ್ರೆ ಇಲ್ಲಿ ಕೂರುವುದು ಯಾರು? ಅಡುಗೆಯ ಭಟ್ರನ್ನು ಕರ್ಕೊಂಡು ಹೋಗು" ಎಂದರು. ಭಟ್ಟರು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತ ನನ್ನ ಜೊತೆ ಬಂದರು. ಅಲ್ಲಿ ಹೋಗಿ ನೋಡಿದರೆ ಸುಲೋಚನಾಳ ಪಕ್ಕದಲ್ಲಿ ಅವಳ ಗಂಡನೇ ಕೂತಿದ್ದಾನೆ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ವಾರಕ್ಕೊಂದು ರಜೆ, ಅದನ್ನೂ ಹೆಂಡತಿಯ ಸೂಜಿಗೆ ಕೊಡಲು ಬಂದಿದ್ದ. ಆ ಕ್ಷಣವೇ ನನ್ನ ಹೊಟ್ಟೆಯೊಳಗೆ ಏನೋ ಚುರುಕ್ಕೆಂದಿತು. ಸುಲೋಚನಾಳ ಹೊಟ್ಟೆಕಿಚ್ಚನ್ನು ಆಡಿಕೊಳ್ಳುವ ನಾನೂ ಕಡಿಮೆಯವಳೇನಲ್ಲ.

ಅವನು ಅಂಗಿಯ ತೋಳು ಮಡಚಿದ. ಕ್ಲಾಸು ಕ್ಲಾಸೇ ಹತ್ತಿರ ಬಂತು. ಮೂಟೆ ಹೊತ್ತು ಹೊತ್ತು ಆ ಕೈಯ ನರಗಳು ಸೇದುವ ಹಗ್ಗದ ಹಾಗೆ ಎದ್ದು ನಿಂತಿದ್ದವು, ನರ ಉಬ್ಬಿಸಲು ತೋಳಿಗೆ ರಬ್ಬರ್ ಪಟ್ಟಿ ಕಟ್ಟುವುದೂ ಬೇಕಿರಲಿಲ್ಲ. "ಇಂಥ ಕೈ ನೀವು ದಿನಾ ನೋಡಲಿಕ್ಕಿಲ್ಲ" ಎಂದರು ಸರ್. ಒಬ್ಬರಿಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಸೂಜಿ ಇಲ್ಲವೆಂಬುದು ಅವರ ನಿಯಮ. ಹಾಗಾಗಿ ಆ ಎರಡು ಸರದಿಗೆ ನೂಕುನುಗ್ಗಲಾಯಿತು. ಮೊದಲ ಸರದಿ ಹೆಂಡತಿಗೆ ಎಂದು ಸರ್ ಕೊಟ್ಟರು. ಎರಡನೆಯದನ್ನು ಪ್ರಣೀತಾ ಹೊಡೆದುಕೊಂಡಳು.

ಪ್ರಣೀತಾ ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. ನಗು ಚೆಂದ, ಕೈ ಚುರುಕು. ಅವಳು ಸರ್ ಹೇಳಿದಂತೆಯೇ ಅವನ ಹೆಸರು ಕೇಳಿದಳು. ಅವನು ನೆಟ್ಟಗೆ ಕೂತು "ಅಂಬಾರಾಯ ಶರಣಪ್ಪ ಹೊಸಮನಿ" ಎಂದ. ಅವಳು ಅದನ್ನು ತಿರುಗಿ ಹೇಳಿ ಚೀಟಿ ನೋಡಿದಳು. ಆಮೇಲೆ, "ಅಂಬಾರಾಯ್‌ಜೀ, ಮುಠ್ಠಿ ಬಂದ್ ಕರೋ ನಾ" ಎಂದಳು. ಅಂಬಾರಾಯ ಮುಷ್ಟಿ ಬಿಗಿದು ಕಿವಿಯಿಂದ ಕಿವಿಗೆ ನಕ್ಕ. ಸೂಜಿ ಒಳಗೆ ಹೋಯಿತು, ಟ್ಯೂಬು ತುಂಬಿತು, ಅವನ ನಗು ಹಾಗೆಯೇ ಇತ್ತು.

ಸುಲೋಚನಾಳ ಮುಖ ನೋಡಬೇಕಿತ್ತು. ಹೆಂಡತಿಯ ಸರದಿಯಲ್ಲಿ ಇದೇ ಮನುಷ್ಯ ತುಟಿ ಬಿಗಿದು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಇನ್ನೊಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಅವಳು "ಹೆಸರು ಹೇಳ್ರಿ" ಎಂದು ಕೇಳಿದ್ದಳು, ಅವನು ಹೇಳಿದ್ದ. ತಿರುಗಿ ಹೇಳಬೇಕಾದಾಗ ಅವಳು ನನ್ನ ಕಾಲು ತುಳಿದಳು. ಪಕ್ಕದಲ್ಲಿ ನಿಂತಿದ್ದ ನಾನೇ ಚೀಟಿ ನೋಡಿ ಓದಿಬಿಟ್ಟೆ. ಗಂಡನ ಹೆಸರು ಹೇಳುವ ರೂಢಿ ಅವಳಿಗಿಲ್ಲ. ತವರಿನಲ್ಲಿ ಅವ್ವ ಹೇಳಿದವಳಲ್ಲ, ಅತ್ತೆ ಹೇಳಿದವಳಲ್ಲ. ಮದುವೆಯಾದಂದಿನಿಂದ ಇವಳೂ "ಏನ್ರೀ" ಎಂದೇ ಸಂಸಾರ ಮಾಡಿದವಳು.

ಆಮೇಲಿನ ವಾರಗಳಲ್ಲಿ ಅಂಬಾರಾಯ ನಮ್ಮ ಕ್ಲಾಸಿನ ಅಳಿಯನಾದ. ಒಬ್ಬಳು ಪೋಹಾ ತರುತ್ತಾಳೆ, ಇನ್ನೊಬ್ಬಳು ಚಹಾ. ನಾನೇ ಹೋಟೆಲಿನಿಂದ ಬನ್ಸ್ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಮೆಟ್ಟಿಲ ಮೇಲಿಂದಲೇ "ಅಂಬಾರಾಯ್‌ಜೀ ಆ ಗಯೇ" ಎಂದು ಕೂಗು. ಮರಾಠಿ ಹುಡುಗಿಯರಿಗೆ ಇವಳ ಗುಟ್ಟು ಗೊತ್ತಾಗಿ, "ವಹಿನೀ, ನಾವ್ ಘ್ಯಾ, ನಾವ್ ಘ್ಯಾ" ಎಂದು ಅವರ ಮದುವೆ ಮನೆಯಲ್ಲಿ ಮದುಮಗಳ ಬಾಯಿಂದ ಗಂಡನ ಹೆಸರು ಹೇಳಿಸುವ ಹಾಗೆ ಕಾಡಿದರು. ಅವಳು ಸೆರಗು ಬಾಯಿಗೆ ಒತ್ತಿ ಹೊರಗೆ ಹೋದಳು. ನಾನು ಹಿಂದೆ ಹೋದೆ.

"ನಾ ಒಂದ್ ದಿನ ಬಾಯಾಗ ತಗೊಂಡಿಲ್ಲ ಅಕ್ಕಾ ಆ ಹೆಸರ. ಅದನ್ನ ಈ ಪೋರಿ ಚಾಕಲೇಟ್ ಚೀಪಿದಂಗ ಚೀಪ್ತಾಳ ನೋಡ್ರಿ. ಮ್ಯಾಲ ಒಂದ್ ‘ಜೀ’ ಬ್ಯಾರೆ" ಎಂದಳು. ಕಣ್ಣಲ್ಲಿ ನೀರೂ ಇತ್ತು, ಬೆಂಕಿಯೂ ಇತ್ತು.

"ಹಾಗಾದ್ರೆ ನೀನೂ ಹೇಳು ಮಾರಾಯ್ತಿ, ಯಾರು ಬೇಡ ಅಂದದ್ದು?"

"ನಾಲಿಗಿ ಹೊಳ್ಳಂಗಿಲ್ಲ ಅಕ್ಕಾ."

ಆ ಬೆಂಕಿಯ ಫಲ ಉಂಡದ್ದು ನನ್ನ ಕೈ. ಅವಳು ನನ್ನ ರಕ್ತ ತೆಗೆಯುತ್ತಿದ್ದಳು. ಅಪರೂಪಕ್ಕೆ ನನ್ನ ನರ ಒಂದೇ ಸಲಕ್ಕೆ ಸಿಕ್ಕಿತ್ತು. ಅಷ್ಟರಲ್ಲಿ ಆಚೆ ಬೆಂಚಿನಿಂದ ಪ್ರಣೀತಾಳ ನಗು, ಅಂಬಾರಾಯನ ನಗು. ಸುಲೋಚನಾಳ ಕಣ್ಣು ಆ ಕಡೆ ಹೋಯಿತು. ಮೊದಲು ಪಟ್ಟಿ ಸಡಿಲಿಸಬೇಕು, ಆಮೇಲೆ ಸೂಜಿ ತೆಗೆಯಬೇಕು. ಅವಳು ಪಟ್ಟಿ ಬಿಗಿಯಾಗಿರುವಾಗಲೇ ಸೂಜಿ ಎಳೆದಳು. ಚರ್ಮದ ಅಡಿಯಲ್ಲಿ ರಕ್ತ ಹರಡಿ ನನ್ನ ಮೊಣಕೈಯ ಒಳಬದಿ ನೇರಳೆ ಹಣ್ಣಿನ ಬಣ್ಣವಾಯಿತು. ನಾನು ಕಿರುಚಿದ್ದು ಕೆಳಗಿನ ಮಿಠಾಯಿ ಅಂಗಡಿಗೂ ಕೇಳಿತಂತೆ.

ಲೀಲಾಧರ ಸರ್ ಅವಳನ್ನು ಎಲ್ಲರೆದುರೇ ನಿಲ್ಲಿಸಿದರು. "ಕೈಯಲ್ಲಿ ಸೂಜಿ ಇರುವಾಗ ಕಣ್ಣು ಎಲ್ಲಿ ಮೇಯ್ತಾ ಉಂಟು? ಇಂಥದ್ದು ಇನ್ನೊಂದು ಆದರೆ ನಿನ್ನನ್ನು ಪರೀಕ್ಷೆಗೆ ಬಿಡುವುದಿಲ್ಲ. ಮತ್ತೆ ಹೆಸರು. ನಿನ್ನ ಗಂಡನ ಹೆಸರನ್ನು ಬೇರೆಯವರು ಓದುವುದು ನನಗೆ ಕಾಣುವುದಿಲ್ಲ ಅಂದ್ಕೊಂಡಿದ್ದೀಯಾ? ಪರೀಕ್ಷೆಯಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ."

ಮನೆಯಲ್ಲಿ ನಮ್ಮವರು ನನ್ನ ಕೈ ನೋಡಿ "ಎಂತದು ಅದು?" ಎಂದರು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಂತು, ಗ್ಯಾಸ್ ಸಿಲಿಂಡರಿನ ಮಾತು ಶುರುವಾಯಿತು. ಕೈ ಹಳದಿಯಾಗಿ, ಆಮೇಲೆ ಸರಿಹೋಯಿತು. ಅವರು ಮತ್ತೆ ಕೇಳಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಮೇಡಂ ಬಂದರು. ನಗುವ ಹೆಂಗಸಲ್ಲ. ಎಲ್ಲರೂ ತಾವು ಕರೆತಂದವರ ರಕ್ತ ತೆಗೆಯಬೇಕು, ಮಾತು ಸಹಿತ ಎಲ್ಲ ಕ್ರಮ ಸರಿಯಿರಬೇಕು. ಪ್ರಣೀತಾ ತನ್ನ ಅಜ್ಜಿ ಅಕ್ಕುವನ್ನು ಕರೆತಂದಿದ್ದಳು. ಅಜ್ಜಿ ಉಪವಾಸವೇ ಬರಬೇಕೆಂದು ತಾನಾಗಿಯೇ ತಿಳಿದು, ತಿಂಡಿ ತಿನ್ನದೆ ಬಂದು ತಲೆಸುತ್ತಿ ಮಲಗಿದರು. ಹುಡುಗಿ ಗ್ಲೌಸ್ ಹಾಕಿಕೊಂಡು, ಯಾರ ಕೈಯೂ ಇಲ್ಲದೆ ಗೋಡೆಗೆ ಒರಗಿ ನಿಂತಳು. ನಾನು ಭಟ್ಟರ ರಕ್ತ ತೆಗೆದು ಪಾಸಾದೆ. ಭಟ್ಟರು ಕಣ್ಣು ಬಿಟ್ಟದ್ದೇ ಹತ್ತಿ ಒತ್ತಿದ ಮೇಲೆ.

ನಂತರ ಸುಲೋಚನಾ. ಅಂಬಾರಾಯ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಅವಳು ಕೈ ತೊಳೆದಳು, ಗ್ಲೌಸ್ ಹಾಕಿದಳು, "ನಿಮ್ಮ ಪೂರ್ತಿ ಹೆಸರು ಹೇಳ್ರಿ" ಎಂದಳು. ಅವನು ಹೇಳಿದ. ಅವಳು ಚೀಟಿ ಹಿಡಿದು ಬಾಯಿ ತೆರೆದಳು. ಸ್ವರ ಬರಲಿಲ್ಲ. ಇನ್ನೊಮ್ಮೆ ತೆರೆದಳು. ಕೆಮ್ಮು ಬಂತು.

"ಪೇಶಂಟ್ ಕಾ ನಾಮ್ ಬೋಲೋ" ಎಂದರು ಮೇಡಂ. ಅವಳು ತಲೆ ತಗ್ಗಿಸಿದಳು. ಲೀಲಾಧರ ಸರ್ ಕಿಟಕಿಯ ಕಡೆ ತಿರುಗಿಕೊಂಡರು. ನನ್ನ ಬಾಯಿಯ ತುದಿಯಲ್ಲಿ ಆ ಹೆಸರು ಬಂದು ನಿಂತಿತ್ತು, ಹೇಳುವ ಹಾಗಿರಲಿಲ್ಲ. ಮೇಡಂ ಕೈಗಡಿಯಾರ ನೋಡಿ ಪೆನ್ನು ತೆಗೆದರು. ಹೆಸರು ತಾಳೆ ನೋಡದೆ ಸೂಜಿ ಮುಟ್ಟುವಂತಿಲ್ಲ, ಇವಳು ಪಕ್ಕಕ್ಕೆ ನಿಲ್ಲಲಿ, ಈ ಕೈಯನ್ನು ಖಾಲಿ ನಿಂತಿರುವ ಆ ಹುಡುಗಿಗೆ ಕೊಡಿ ಎಂದು ಹಿಂದಿಯಲ್ಲಿ ಹೇಳಿದರು.

ಪ್ರಣೀತಾ ಪಾಪ, ಕೆಟ್ಟವಳಲ್ಲ. ಪರೀಕ್ಷೆ ಅವಳದೂ ತಾನೆ? ಮುಂದೆ ಬಂದು, ಕುರ್ಚಿ ಎಳೆದುಕೊಂಡು, ಅಭ್ಯಾಸಬಲದಿಂದ, "ಅಂಬಾರಾಯ್‌ಜೀ, ಆಪಕಾ..." ಎಂದಳು.

"ಅಂಬಾರಾಯ!" ಎಂದು ಸುಲೋಚನಾ ಕೂಗಿದಳು. "ಅಂಬಾರಾಯ ಶರಣಪ್ಪ ಹೊಸಮನಿ! ನನ್ನ ಪೇಶಂಟ್ ಇವರು. ಏಳ ನೀ ಅಲ್ಲಿಂದ!"

ಪ್ರಣೀತಾ ಕುರ್ಚಿಯಿಂದ ಎದ್ದೇಬಿಟ್ಟಳು. ಮೇಡಂ ಚೀಟಿ ನೋಡಿ, ಅಂಬಾರಾಯನನ್ನು ನೋಡಿ, "ಬರೋಬರ್. ಆಗೇ ಚಲೋ" ಎಂದು ಮುಂದುವರಿಸಲು ಸನ್ನೆ ಮಾಡಿದರು.

ಆ ಮೇಲೆ ಅವಳು ಎಲ್ಲಿಯೂ ತಡವರಿಸಲಿಲ್ಲ. ಮೊಣಕೈಯ ಮೇಲೆ ಪಟ್ಟಿ ಕಟ್ಟಿದಳು, ಎದ್ದು ಕಾಣುವ ನರವನ್ನೂ ಬೆರಳಿನಿಂದ ಮುಟ್ಟಿ ನೋಡಿದಳು, ಸ್ಪಿರಿಟ್ ಒರೆಸಿ ಆರುವ ತನಕ ಕಾದಳು, ಒರೆಸಿದ ಜಾಗವನ್ನು ಮತ್ತೆ ಮುಟ್ಟಲಿಲ್ಲ. ಟ್ಯೂಬು ತುಂಬಿದ ಮೇಲೆ ಮೊದಲು ಪಟ್ಟಿ ಬಿಚ್ಚಿದಳು, ಹತ್ತಿ ಇಟ್ಟಳು, ಸೂಜಿ ತೆಗೆದಳು, ಮುಚ್ಚಳ ಹಾಕಲು ಹೋಗದೆ ನೇರ ಡಬ್ಬಿಗೆ ಹಾಕಿದಳು. ಅವನೆದುರೇ ಲೇಬಲ್ ಬರೆದಳು. ಸೂಜಿ ಹೊರಗೆ ಬಂದ ಮೇಲೂ ಅಂಬಾರಾಯನ ಮುಷ್ಟಿ ಬಿಡಿಸಲು ಅವಳು ಒಂದೊಂದೇ ಬೆರಳು ಹಿಡಿದು ಎಳೆಯಬೇಕಾಯಿತು. ಅವಳು ಪಾಸಾದಳು.

ಮಧ್ಯಾಹ್ನ ಠಾಣೆ ಪ್ಲಾಟ್‌ಫಾರ್ಮಿನಲ್ಲಿ ಅಂಬರನಾಥ ಲೋಕಲ್ಲಿಗೆ ಕಾಯುತ್ತ ನಿಂತೆವು. ಭಟ್ಟರು ನೀರು ಕುಡಿಯಲು ಹೋಗಿದ್ದರು. ಪಾಸಾದ ಖುಷಿಯಲ್ಲಿ ಸುಲೋಚನಾ ಸುಮ್ಮನಿದ್ದಾಳೆಯೇ, ಜಗಳ ತೆಗೆದಳು.

"ಆ ಪೋರಿ ಮುಂದ ಅಷ್ಟ್ಯಾಕ ಹಲ್ಲ ಕಿಸೀತಿದ್ರಿ? ನಾ ಚುಚ್ಚಿದ್ರ ಗ್ವಾಡಿ ನೋಡ್ತಿದ್ರಿ. ಇವತ್ತ ಅಕ್ಕನ ಮುಂದ ಹೇಳ್ರಿ."

ಅಂಬಾರಾಯ ಹತ್ತಿ ಒತ್ತಿಕೊಂಡೇ ನಿಂತಿದ್ದ, ಅದರ ಅಗತ್ಯ ಆಗಲೇ ಮುಗಿದಿತ್ತು. "ಮಾರ್ಕೆಟ್ನ್ಯಾಗ ನನ್ನ ಹೆಸರು ಯಾರ ಕೇಳ್ತಾರ? ‘ಏ ಹಮಾಲ’ ಅಂತಾರ. ಕೂಲಿ ಹಂಚೂ ಮುಕಾದಮ್ ‘ಏ ಗುಲಬರ್ಗಾ’ ಅಂತಾನ. ಮನ್ಯಾಗ ನಿಂದು ‘ಏನ್ರೀ’. ಅವ್ವ ಸತ್ತ ಮ್ಯಾಲ ಆ ಹೆಸರ ಹಿಡದು ಯಾರೂ ಕರದೇ ಇಲ್ಲ. ಇಲ್ಲಿ ಬಂದ್ರ ಕೈ ಹಿಡಿಯೂ ಮೊದಲ ಹೆಸರ ಕೇಳ್ತಾರ, ತಿರುಗಿ ಅಂತಾರ. ನಂಗ ನಗು ಬರ್ತಿತ್ತು, ಏನ್ ಮಾಡ್ಲಿ? ನೀ ಒಬ್ಬಾಕಿ ಮಾತ್ರ ಕೇಳಿ ಸುಮ್ಮ ನಿಲ್ತಿದ್ದಿ."

ಸುಲೋಚನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇನ್ನೊಮ್ಮಿ ಆ ಹೆಸರ ಅನ್ನು" ಎಂದ ಅವನು ಮೆಲ್ಲಗೆ.

ಅವಳು ಆಚೀಚೆ ನೋಡಿದಳು. ಆ ಪ್ಲಾಟ್‌ಫಾರ್ಮಿನಲ್ಲಿ ಪ್ರಣೀತಾ ಇದ್ದಾಳೋ ಎಂದೇ ನೋಡಿದ್ದು, ನನಗೆ ಗೊತ್ತು. ಆಮೇಲೆ, "ಸೂಜಿ ಇದ್ರ ಅಷ್ಟ ಹೆಸರು. ಬಿಟ್ಟಿ ಸಿಗಂಗಿಲ್ಲ" ಎಂದಳು. ಅಂಬಾರಾಯ ಅಲ್ಲಿಯೇ, ಆ ಗದ್ದಲದ ನಡುವೆಯೇ, ತೋಳು ಮಡಚಿ ಕೈ ಚಾಚಿದ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ದಿನ ಅವಳ ಹೊಟ್ಟೆಯಲ್ಲಿ ಉರಿದದ್ದೆಲ್ಲ ಒಟ್ಟಾಗಿ ನನ್ನ ಹೊಟ್ಟೆಗೆ ಬಂದ ಹಾಗಾಯಿತು.

ಡೊಂಬಿವಲಿಯಲ್ಲಿ ಇಳಿದು ಸೀದಾ ಹೋಟೆಲಿಗೆ ಹೋದೆ. ನಮ್ಮವರು ಕೌಂಟರಿನಲ್ಲಿ ಚಿಲ್ಲರೆ ಜೋಡಿಸುತ್ತಿದ್ದರು. "ಹಾಂ, ಬಂದ್ಯಾ?" ಎಂದರು. ಪಾಸಾದೆ ಎಂದೆ. "ಒಳ್ಳೇದಾಯ್ತು" ಎಂದರು. ನಾನು ಅಲ್ಲಿಂದ ಕದಲಲಿಲ್ಲ.

"ನನ್ನ ಹೆಸರು ಹೇಳಿ" ಎಂದೆ.

ಅವರು ಮೊದಲ ಸಲ ತಲೆಯೆತ್ತಿ ನೋಡಿದರು. "ಎಂತ, ಮರ್ಲಾ ನಿನಗೆ?" ಎಂದು, ನನ್ನ ಹಿಂದೆ ಬಾಗಿಲ ಕಡೆ ಕತ್ತು ಚಾಚಿ, ಭಟ್ಟರು ಎಲ್ಲಿ, ಸಂಜೆಯ ಹಿಟ್ಟು ರುಬ್ಬಲಿಕ್ಕೆ ಹೊತ್ತಾಯಿತು ಎಂದರು.