ಬೂಸಾ ಬೆರೆಸಿದ ಮೈದಾ

ಹಿಟ್ಟಿನಲ್ಲಿ ಕೈ ಇಟ್ಟವನು ಸುಳ್ಳು ಹೇಳಬಾರದು. ಕೈ ತೊಳೆದು, ಮುಖ ತೊಳೆದು, ಪಂಚೆ ಕೊಡವಿಕೊಂಡು ಬಂದರೂ ಕಿವಿಯ ಹಿಂದೆಯೋ ಮೊಣಕೈ ಮೇಲೋ ಒಂದು ಬಿಳಿ ಗೆರೆ ಉಳಿದೇ ಇರುತ್ತದೆ. ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ಸ್ವಂತ ಅಕ್ಕನಿಗೆ ನಾನು ಮೋಸ ಮಾಡಿದೆ, ಅದೂ ಅವಳು ಕಾಯಿಲೆ ಬಿದ್ದಾಗ, ಅವಳ ಊಟದ ತಟ್ಟೆಯಲ್ಲೇ.

ನಾನು ಹೆಚ್ಚು ಓದಿದವನಲ್ಲ. ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತಿ, ಒಳಗೆ ಸರಿಯಾಗಿ ಕೂರುವ ಮೊದಲೇ ಇಳಿದು ಬಂದೆ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ ಅದು. ಅಲ್ಲೊಂದು ಸೈಕಲ್ ಶಾಪ್ ಇಟ್ಟುಕೊಂಡಿದ್ದೆ. ಮನೆಯಲ್ಲಿ ನಾನು, ಅಕ್ಕ ಇಬ್ಬರೇ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಅವಳು. ಕಾಲಿನ ಗಾಯವೊಂದು ಮಾಯದೆ ತೋರಿಸಲು ಹೋದಾಗ ಅವಳಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು.

ಆಗ ಪರೀಕ್ಷೆ ಎಂದರೆ ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಮೂತ್ರದ ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ಬಣ್ಣ ನೀಲಿಯಾಗೇ ಉಳಿದರೆ ಕ್ಷೇಮ, ಹಸಿರಾದರೆ ಎಚ್ಚರಿಕೆ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಅಪಾಯ. ಅಕ್ಕನದು ಸುಟ್ಟ ಇಟ್ಟಿಗೆ. ವಿಲ್ಸನ್ ಗಾರ್ಡನ್ನಿನ ಡಾಕ್ಟರು ಮಾತ್ರೆ ಕೊಟ್ಟು, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹೇಳಿದರು: "ಅನ್ನ ಬಿಡಿಸಿ, ಮುದ್ದೆ ಬಿಡಿಸಿ. ಎರಡು ಹೊತ್ತೂ ಗೋಧಿ ಚಪಾತಿ. ಹಿಟ್ಟು ಜರಡಿ ಹಿಡೀಬೇಡಿ. ಮೈದಾ ಮಾತ್ರ ಮನೆ ಬಾಗಿಲಿಗೂ ತರ್ಬೇಡಿ. ಇಲ್ದಿದ್ರೆ ಕಾಲಿನ ಗಾಯಾನೇ ವಾಸಿ ಆಗಲ್ಲ, ನೋಡ್ಕೊಳಿ."

ಗೋಧಿಗೇನೂ ಬರವಿರಲಿಲ್ಲ. ಅಕ್ಕಿ ಕೇಳಿದರೆ ರೇಷನ್ ಅಂಗಡಿಯವನು ಅಮೆರಿಕದ ಕೆಂಪು ಗೋಧಿ ಅಳೆದು ಕೊಡುತ್ತಿದ್ದ ದಿನಗಳು. ಆದರೆ ಅಕ್ಕನದು ಮುದ್ದೆ ತೊಳಸುವ ಕೈ. "ಆ ಲಟ್ಟಣಿಗೆ ಉರುಳಿಸೋದು ನಂಗೆ ಬರಲ್ಲ ಕಣೋ" ಎಂದುಬಿಟ್ಟಳು. ಸರಿ, ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಎರಡು ಹೊತ್ತಿಗೂ ನಾನೇ ಮಾಡಿಟ್ಟು ಹೋಗುತ್ತೇನೆ ಎಂದೆ. ಟ್ಯೂಬಿಗೆ ತೇಪೆ ಹಾಕುವವನಿಗೆ ಚಪಾತಿ ಏನು ಮಹಾ, ಅದೂ ದುಂಡಗಿರುವ ಪದಾರ್ಥವೇ ತಾನೆ ಎಂಬ ಧೈರ್ಯ.

ತೊಂದರೆ ಶುರುವಾದದ್ದು ಹಿಟ್ಟಿನ ಮಿಷನ್ನಿನಲ್ಲಿ. ನಮ್ಮ ಕಡೆಯ ಮಿಷನ್ನುಗಳ ಕಲ್ಲಿಗೆ ರಾಗಿಯೇ ದೇವರು. ಹಿಂದಿನವರ ರಾಗಿ ಕಲ್ಲಿನ ಸಂದಿಯಲ್ಲಿ ಉಳಿದಿರುತ್ತದೆ. ಅದರ ಮೇಲೆ ಗೋಧಿ ಸುರಿದರೆ ಮೊದಲು ಬೀಳುವ ಹಿಟ್ಟೆಲ್ಲ ಕರಿ. ಆದ್ದರಿಂದ ಗೋಧಿ ತಂದವರು ಯಾರೂ ಮೊದಲು ಹಾಕುವುದಿಲ್ಲ. ಇನ್ನೊಬ್ಬರ ಗೋಧಿ ಹೋಗಿ ಕಲ್ಲು ಚೊಕ್ಕಟವಾಗಲಿ ಎಂದು ಕಾಯುತ್ತಾರೆ. ಅಲ್ಲಿ ಕಂಡಷ್ಟು ಮರ್ಯಾದೆಯನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ. "ನೀವು ಹಾಕಿ ಅಮ್ಮ, ನಂಗೇನೂ ಅರ್ಜೆಂಟಿಲ್ಲ." "ಅಯ್ಯೋ ಬೇಡಪ್ಪಾ, ಅಂಗಡಿ ಬಿಟ್ಟು ಬಂದಿದ್ದೀಯ, ನೀನೇ ಹಾಕು." ಹೀಗೆ ಉಪಚಾರ ನಡೆಯುತ್ತಿರುವಾಗಲೇ ಯಾರೋ ಬಂದು ಮೆಣಸಿನಕಾಯಿ ಸುರಿದುಬಿಟ್ಟರೆ ಮುಗಿಯಿತು, ಆ ದಿನವೆಲ್ಲ ಎಲ್ಲರೂ ಸೀನುತ್ತ ಮನೆಗೆ.

ಇಷ್ಟು ತಪಸ್ಸು ಮಾಡಿ ತಂದ ಹಿಟ್ಟಿನಲ್ಲಿ ನಾನು ಮಾಡಿದ ಚಪಾತಿ ಹೇಗಿತ್ತು ಎಂದರೆ, ಬೇರೆಯವರಾಗಿದ್ದರೆ ಅದನ್ನು ಚಮ್ಮಾರನ ಹತ್ತಿರ ತೋರಿಸುತ್ತಿದ್ದರು. ಅಕ್ಕ ಒಂದು ಚೂರು ಮುರಿದು ಬಾಯಿಗಿಟ್ಟು ಅಗಿದಳು. "ಚೆನ್ನಾಗಿ ಅಗೀಬೇಕಂತೆ, ಒಳ್ಳೇದಂತೆ" ಅಂದಳು. ಅದು ಬೈಗುಳಕ್ಕಿಂತ ಚುಚ್ಚಿತು.

ಒಂದು ದಿನ ಮಿಷನ್ನಿನ ಮುಂದೆ ಜನ ಕಂಡು ನನ್ನ ಸೈಕಲ್ಲು ತಾನಾಗಿ ಶೆಟ್ಟರ ದಿನಸಿ ಅಂಗಡಿಗೆ ತಿರುಗಿತು. ಸೈಕಲ್ಲಿನ ಮೇಲೆ ತಪ್ಪು ಹೊರಿಸುವುದು ನನ್ನ ಕಸುಬಿಗೆ ಒಪ್ಪುವುದಿಲ್ಲ, ತಿರುಗಿಸಿದವನು ನಾನೇ. ಮೈದಾ ತಂದೆ. ಬಿಳುಪು ಕಂಡು ಅಕ್ಕ ಹಿಡಿದುಬಿಟ್ಟಾಳು ಎಂದು ಪಕ್ಕದ ಮನೆಯ ಹಸುವಿನ ಕೊಟ್ಟಿಗೆಯಿಂದ ಒಂದು ಬೊಗಸೆ ಬೂಸಾ ಕೇಳಿ ತಂದು ಬೆರೆಸಿದೆ. ಬಣ್ಣ ಸಾಕ್ಷಾತ್ ಗೋಧಿ ಹಿಟ್ಟು. ಕಣಕ ಟ್ಯೂಬಿನ ರಬ್ಬರಿನ ಹಾಗೆ ಎಳೆದತ್ತ ಬಂತು. ಚಪಾತಿ ಹೂವಿನಂತೆ ಅರಳಿತು.

ದೀಪ ಹಚ್ಚುವ ಹೊತ್ತಿಗೆ ಊಟ ಮುಗಿಸಬೇಕೆಂದು ಡಾಕ್ಟರು ಹೇಳಿದ್ದರಿಂದ, ನಾನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅಕ್ಕ ತಟ್ಟೆ ತೊಳೆದು ಬೋರಲು ಹಾಕಿರುತ್ತಿದ್ದಳು. ಅವತ್ತು ಹೊಸ್ತಿಲಲ್ಲೇ ಹೇಳಿದಳು: "ಇವತ್ತಿನ ಚಪಾತಿ ಬೆಣ್ಣೆ ಇದ್ದಂಗಿತ್ತು ಕಣೋ. ಕೈ ಪಳಗ್ತು ನಿಂಗೆ."

ನನ್ನ ಜನ್ಮದಲ್ಲಿ ಯಾರೂ ನನ್ನ ಕೈಯನ್ನು ಹೊಗಳಿರಲಿಲ್ಲ. ಪಂಕ್ಚರ್ ಹಾಕಿಸಿಕೊಂಡವರು "ಇದು ಎಷ್ಟು ದಿನ ಬರುತ್ತೆ?" ಎಂದು ಕೇಳುತ್ತಾರೆಯೇ ಹೊರತು ಹೊಗಳುವುದಿಲ್ಲ. ಆ ಒಂದು ಮಾತಿಗೆ ಸೋತು ಮರುದಿನವೂ ಮೈದಾ, ಅದರ ಮರುದಿನವೂ ಮೈದಾ.

ನಮ್ಮ ಅಂಗಡಿಗೆ ಗಾಳಿ ಹೊಡೆಸಲು ಬರುತ್ತಿದ್ದ ಪಿಂಚಣಿಯ ರಾಯರೊಬ್ಬರಿದ್ದರು, ಇಂಗ್ಲಿಷ್ ಪೇಪರು ಅಕ್ಷರ ಬಿಡದೆ ಓದುವವರು. ಅವರನ್ನು ಒಂದು ದಿನ ಮೆಲ್ಲಗೆ ಕೆದಕಿದೆ.

"ಗೋಧಿ ಕಾಳಲ್ಲಿ ಮೂರು ಭಾಗ ಕಣಯ್ಯ" ಎಂದರು. "ಮೇಲೆ ಸಿಪ್ಪೆ, ಅದೇ ಬೂಸಾ. ಮೂಲೇಲಿ ಮೊಳಕೆ. ಒಳಗೆ ಬಿಳೀ ತಿರುಳು. ಮೂರೂ ಸೇರಿ ಬೀಸಿದ್ರೆ ಗೋಧಿ ಹಿಟ್ಟು. ತಿರುಳೊಂದೇ ಬೀಸಿದ್ರೆ ಮೈದಾ. ಸತ್ವ ಎಲ್ಲ ಸಿಪ್ಪೇಲಿ, ಮೊಳಕೇಲಿ ಹೋಯ್ತು. ಅಮೆರಿಕದಲ್ಲಿ ಇನ್ನೊಂದು ಇದೆ, ಎನ್‌ರಿಚ್ಡ್ ಅಂತ. ಮೈದಾಗೇ ಒಂದಿಷ್ಟು ವಿಟಮಿನ್ನು, ಕಬ್ಬಿಣದ ಅಂಶ ವಾಪಸ್ ಸೇರಿಸ್ತಾರೆ."

"ತೆಗೆದಿದ್ದು ಯಾಕೆ, ಹಾಕೋದು ಯಾಕೆ ಸಾರ್?"

"ಹಸು ಕೊಂದು ಚಪ್ಪಲಿ ದಾನ ಮಾಡ್ದಂಗೆ. ತೆಗೆದದ್ದು ಹತ್ತಾರು, ಕೊಟ್ಟದ್ದು ನಾಲ್ಕಾರು. ನಾರಂತೂ ವಾಪಸ್ ಬರೋದೇ ಇಲ್ಲ."

ನಾನು ಪಂಪನ್ನು ಒತ್ತುತ್ತಲೇ ಕೇಳಿದೆ: "ಮೈದಾಗೆ ಬೂಸಾ ಬೆರೆಸಿಬಿಟ್ರೆ?"

"ಯಾವ ದರಿದ್ರದೋನು ಹಂಗೆ ಮಾಡ್ತಾನೆ? ಮೊಳಕೆ ಎಲ್ಲಿಂದ ತರ್ತಾನೆ? ಹಸೂಗೆ ಹಾಕೋ ಬೂಸಾಲಿ ಮಣ್ಣೋ ಹುಳಾನೋ. ಸಾಕು ನಿಲ್ಲಿಸಯ್ಯ, ಟೈರು ಒಡೆಯುತ್ತೆ."

ಟೈರು ಒಡೆಯಲಿಲ್ಲ, ನನ್ನ ಎದೆ ಒಡೆಯಿತು. ಅಂದೇ ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡೆ. ಆದರೆ ಮತ್ತೆ ಮಿಷನ್ನಿನ ಹಿಟ್ಟಿಗೆ ಹೋದರೆ ಚಪಾತಿ ಮತ್ತೆ ಚಕ್ಕಳವಾಗುತ್ತದೆ, ಅಕ್ಕ ಯಾಕೆಂದು ಕೇಳುತ್ತಾಳೆ. ತಪ್ಪು ಮಾಡುವುದಕ್ಕೆ ಸೋಮಾರಿತನ ಸಾಕು. ಅದನ್ನು ಬಿಡುವುದಕ್ಕೆ ಧೈರ್ಯ ಬೇಕು. ಅದು ನನ್ನಲ್ಲಿರಲಿಲ್ಲ. ಬೂಸಾವನ್ನು ಚೊಕ್ಕಟವಾಗಿ ಕೇರಿ, ಸ್ವಲ್ಪ ಹೆಚ್ಚಾಗಿ ಬೆರೆಸಿದೆ. ಅದೇ ನನ್ನ ವಿಟಮಿನ್ನು.

ಮತ್ತೆ ಡಾಕ್ಟರ ಹತ್ತಿರ ಹೋಗುವ ದಿನ ಬಂತು. ಕೊಳವೆ ದೀಪದ ಮೇಲೆ ಕಾಯುತ್ತಿದ್ದಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಇಟ್ಟಿಗೆ ಬಣ್ಣ ಬಂದರೆ ಇಲ್ಲೇ ಕಾಲು ಹಿಡಿದು ಎಲ್ಲ ಹೇಳಿಬಿಡುವುದು ಎಂದುಕೊಂಡಿದ್ದೆ.

"ಭೇಷ್" ಎಂದರು ಡಾಕ್ಟರು.

ತಿರುಗಿ ನೋಡಿದೆ. ನೀಲಿಗೂ ಹಸಿರಿಗೂ ನಡುವಿನ ಬಣ್ಣ, ಹೊಸಕೆರೆಹಳ್ಳಿ ಕೆರೆಯ ನೀರಿನ ಹಾಗೆ. ಕಾಲಿನ ಗಾಯವೂ ಒಣಗಿತ್ತು. "ಗೋಧಿ ಅಂದ್ರೆ ಗೋಧಿನೇ. ತಮ್ಮನ್ನ ಚೆನ್ನಾಗಿ ಬೆಳೆಸಿದ್ದೀರಿ" ಎಂದು ಅಕ್ಕನಿಗೆ ಹೇಳಿದರು.

ಹೊರಗೆ ಬಂದು ಲಾಲ್‌ಬಾಗಿನ ಗೋಡೆ ಪಕ್ಕ ನಡೆಯುವಾಗ ಮನಸ್ಸು ಹಗುರವಾಗಿತ್ತು. ಆದರೆ ಡಾಕ್ಟರ ಆ ಕೊನೆಯ ಮಾತು ಮಾತ್ರ ನನ್ನ ಹಿಂದೆಯೇ ನಡೆದು ಬರುತ್ತಿತ್ತು. ತಡೆಯಲಾರದೆ ಹೇಳಿಬಿಟ್ಟೆ. ಮೈದಾ, ಬೂಸಾ, ಕೊಟ್ಟಿಗೆ, ಎಲ್ಲ. ಅವಳ ಮುಖ ನೋಡದೆ, ರಸ್ತೆಗೆ ಹೇಳಿದ ಹಾಗೆ ಹೇಳಿದೆ.

ಅಕ್ಕ ನಿಂತಳು. ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಳುತ್ತಾಳೆ ಎಂದುಕೊಂಡೆ.

"ಅಯ್ಯೋ ಪಾಪಿ, ನಿಂಗಮ್ಮನ ಮೊಮ್ಮಕ್ಕಳಿಗೆ ಬೂಸಾ ತಿನ್ನಿಸ್ಬಿಟ್ಯಲ್ಲೋ!"

ನಿಂಗಮ್ಮ ಯಡಿಯೂರಿನ ಹಳೇ ಬೀದಿಯಲ್ಲಿದ್ದ ಅಕ್ಕನ ಗೆಳತಿ. ವಿಷಯ ಒಂದೊಂದಾಗಿ ಹೊರಬಂತು. ನನ್ನ ಮೊದಲ ಚಪಾತಿಯಲ್ಲೇ ಅಕ್ಕನ ದವಡೆ ಸೋತಿತ್ತು. ನಾನು ಅಂಗಡಿಗೆ ಹೋದ ಮೇಲೆ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಹೊತ್ತೂ ನಿಂಗಮ್ಮನ ಮನೆಗೆ ನಡೆದು ಹೋಗುತ್ತಿದ್ದಳು. ಚಪಾತಿ ಮಕ್ಕಳಿಗೆ, ಅವಳಿಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು.

"ಡಾಕ್ಟರು ಮುದ್ದೆ ಬೇಡ ಅಂದಿದ್ರಲ್ಲ?"

"ಅದಕ್ಕೇ ಪುಟ್ಟದು ಮಾಡಿಸ್ಕೊತಿದ್ದೆ. ನೀನು ಬೆವರು ಸುರಿಸ್ಕೊಂಡು ಲಟ್ಟಿಸ್ತಿದ್ದೆ, ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ ಕಣೋ."

"ಮತ್ತೆ ಬೆಣ್ಣೆ ಇದ್ದಂಗಿತ್ತು ಅಂದ್ಯಲ್ಲಕ್ಕ?"

"ಆ ಮಕ್ಕಳು ಹಂಗಂದ್ವು. ನಾನು ಬಂದು ಹೇಳ್ದೆ."

ಇಷ್ಟು ದಿನ ನಾನು ಯಾರ ಹೊಗಳಿಕೆಗೆ ಉಬ್ಬಿದ್ದೆನೋ ಅವರ ಮುಖವನ್ನೇ ನೋಡಿರಲಿಲ್ಲ. ಇಬ್ಬರೂ ನೇರವಾಗಿ ಯಡಿಯೂರಿಗೆ ನಡೆದೆವು. ಆ ಮಕ್ಕಳಲ್ಲಿ ಒಂದು ಸೀಬೆ ಮರದ ಮೇಲಿತ್ತು, ಇನ್ನೊಂದು ಕೆಳಗಿನಿಂದ ಕಲ್ಲು ಬೀರುತ್ತಿತ್ತು. ಇಬ್ಬರೂ ಗುಂಡುಕಲ್ಲಿನ ಹಾಗಿದ್ದರು. ನಿಂಗಮ್ಮ ಎಲ್ಲ ಕೇಳಿ, "ಬೂಸಾ ತಿಂದ ಹಸು ಹಾಲು ಕೊಡಲ್ವಾ, ಬಿಡಿ" ಎಂದು ಒಳಗೆ ಹೋಗಿ ನನಗೂ ಒಂದು ತಟ್ಟೆ ಹಾಕಿದಳು.

ಮುಂದಿನ ಸಲ ಡಾಕ್ಟರ ಹತ್ತಿರ ಅಕ್ಕನೇ ಮುದ್ದೆಯ ವಿಷಯ, ನಿಂಗಮ್ಮನ ಮನೆಗೆ ನಡೆಯುವ ವಿಷಯ ಬಾಯಿಬಿಟ್ಟಳು. ಅವರು ಕೊಳವೆ ನೋಡಿ, ಅವಳನ್ನು ನೋಡಿ, "ಆ ಗಾತ್ರ ಮೀರಬೇಡಿ, ಆ ನಡಿಗೆ ಬಿಡಬೇಡಿ" ಎಂದಷ್ಟೇ ಹೇಳಿದರು. ನನ್ನ ವಿಷಯ ಅಕ್ಕ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ.

ನಾನು ತಪ್ಪು ಒಪ್ಪಿಕೊಂಡ ಆ ದಿನ ನಿಂಗಮ್ಮನ ಜಗಲಿಯ ಮೇಲೆ ಕೂತು, ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತನ್ನು ಯೋಚನೆಯಲ್ಲಿ ಅಗಿಯುತ್ತಿದ್ದೆ. ಅಕ್ಕ ಮೊಣಕೈಯಿಂದ ತಿವಿದಳು. "ಮುದ್ದೆ ಯಾರಾದ್ರೂ ಅಗೀತಾರೇನೋ? ನುಂಗು." ತಿಂಗಳುಗಟ್ಟಲೆ ನಾನು ಅಗಿಯುತ್ತ ಕೂತಿದ್ದ ತಪ್ಪನ್ನು ಅವಳು ಆಗಲೇ ನುಂಗಿ ನೀರು ಕುಡಿದಿದ್ದಳು. ನಾನೂ ನುಂಗಿದೆ. ಸಲೀಸಾಗಿ ಇಳಿಯಿತು.